ಕಂಡದ್ದನ್ನು ಕಂಡಷ್ಟೇ ಹೇಳುವ ವಿದ್ಯೆ: ಸೂಕ್ಷ್ಮದರ್ಶಕ ಮತ್ತು ನಮ್ಮ ಸೀಮೆ

(ಪ್ರೌಢಶಾಲಾ ವಿದ್ಯಾರ್ಥಿಗಳು ಹಾಗೂ ರೇಷ್ಮೆ ಬೆಳೆಗಾರರನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಸೂಕ್ಷ್ಮದರ್ಶಕವೆಂದರೆ ಪ್ರಾಯೋಗಿಕ ಪರೀಕ್ಷೆಯ ದಿನ ಬೀರುವಿನಿಂದ ಹೊರಬಂದು, ಈರುಳ್ಳಿ ಸಿಪ್ಪೆಯ ಕೋಶಗಳನ್ನು ತೋರಿಸಿ, ಮತ್ತೆ ಬೀರುವಿಗೆ ಮರಳುವ ವಸ್ತುವೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಈ ಸೀಮೆಯಲ್ಲಿ ಸಾವಿರಾರು ಮನೆಗಳ ಅನ್ನ ಆ ಉಪಕರಣವನ್ನು ನಂಬಿಕೊಂಡಿದೆ. ಇದನ್ನು ತಿಳಿಯಬೇಕಾದರೆ ರೇಷ್ಮೆಹುಳುವಿನ ಗಂಟುರೋಗದ ಕಥೆಯನ್ನು ತಿಳಿಯಬೇಕು.

ಗಂಟುರೋಗವನ್ನು ಇಂಗ್ಲಿಷಿನಲ್ಲಿ ಪೆಬ್ರಿನ್ ಎನ್ನುತ್ತಾರೆ. ನೊಸೆಮಾ ಬಾಂಬಿಸಿಸ್ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಈ ರೋಗದ ಕ್ರೌರ್ಯವಿರುವುದು ಅದು ತಾಯಿಯಿಂದ ಮೊಟ್ಟೆಗೆ ಇಳಿದುಬರುವುದರಲ್ಲಿ. ಮೊಟ್ಟೆ ನೋಡಲು ಆರೋಗ್ಯವಾಗಿಯೇ ಇರುತ್ತದೆ. ರೈತನು ಚಾಕಿ ಮಾಡಿ, ಹಗಲಿರುಳು ಸೊಪ್ಪು ಹಾಕಿ, ಹುಳು ಹಣ್ಣಾಗುವ ಕಾಲಕ್ಕೆ ನಷ್ಟ ಗೋಚರಿಸುತ್ತದೆ. ಒಂದು ತಾಯಿಚಿಟ್ಟೆ ಸುಮಾರು 400ರಿಂದ 500 ಮೊಟ್ಟೆಗಳನ್ನಿಡುತ್ತದೆ. ನಮ್ಮ ಮಾತಿನ ‘ನೂರು ಮೊಟ್ಟೆ’ ಎಂದರೆ ನೂರು ತಾಯಂದಿರ ಸಂತಾನ, ಅಂದರೆ ನಲವತ್ತು ಐವತ್ತು ಸಾವಿರ ಹುಳು. ಅದರಲ್ಲಿ ಕೆಲವೇ ತಾಯಂದಿರಿಗೆ ರೋಗವಿದ್ದರೂ ಅದು ತಟ್ಟೆಯಿಂದ ತಟ್ಟೆಗೆ ಹರಡುತ್ತದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ರೋಗದಿಂದ ಫ್ರಾನ್ಸಿನ ರೇಷ್ಮೆ ಕೃಷಿ ನೆಲಕಚ್ಚಿತ್ತು. 1865ರಲ್ಲಿ ಲೂಯಿ ಪಾಶ್ಚರ್ ಅಲ್ಲಿನ ಆಲೆಸ್ ಪಟ್ಟಣಕ್ಕೆ ಹೋದಾಗ ಆತ ರಸಾಯನವಿಜ್ಞಾನಿಯಾಗಿದ್ದನೇ ಹೊರತು ರೇಷ್ಮೆಹುಳುವಿನ ತಜ್ಞನಾಗಿರಲಿಲ್ಲ. ಹಲವು ವರ್ಷಗಳ ಶ್ರಮದಿಂದ ಆತ ರೂಪಿಸಿದ ವಿಧಾನ ಸರಳವಾದುದು: ಪ್ರತಿ ತಾಯಿಚಿಟ್ಟೆಯೂ ಪ್ರತ್ಯೇಕವಾಗಿ ಮೊಟ್ಟೆಯಿಡಲಿ, ಅನಂತರ ಚಿಟ್ಟೆಯನ್ನು ಅರೆದು ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಿ. ಉಪಕರಣಕ್ಕೆ ಹೆದರಿದ ರೈತರಿಗೆ, ತನ್ನ ಪ್ರಯೋಗಾಲಯದಲ್ಲಿ ಎಂಟು ವರ್ಷದ ಬಾಲಕಿಯೂ ಅದನ್ನು ಕಷ್ಟವಿಲ್ಲದೆ ಬಳಸುತ್ತಾಳೆಂದು ಆತ ಧೈರ್ಯ ಹೇಳಿದನು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ನಡೆಯುವ ತಾಯಿಚಿಟ್ಟೆ ಪರೀಕ್ಷೆಗೆ ಇದೇ ತಳಹದಿ. ‘ರೋಗರಹಿತ ಮೊಟ್ಟೆ’ ಎಂಬ ಮಾತಿನ ಹಿಂದೆ ಮಸೂರದ ಮೇಲೆ ಬಾಗಿದ ಒಂದು ಜೊತೆ ಕಣ್ಣುಗಳಿವೆ. ಆ ಕಣ್ಣುಗಳು ತಪ್ಪಿದರೆ ಬೆಲೆ ತೆರುವವನು ಹಳ್ಳಿಯ ರೈತ.

ಆದ್ದರಿಂದ ಸರಿಯಾಗಿ ನೋಡುವುದು ಹೇಗೆಂಬುದನ್ನು ಶಾಲೆಯಲ್ಲಿಯೇ ಕಲಿಯಬೇಕು. ಸೂಕ್ಷ್ಮದರ್ಶಕವನ್ನು ಎತ್ತುವಾಗ ಒಂದು ಕೈ ಅದರ ತೋಳಿನ ಮೇಲೆ, ಇನ್ನೊಂದು ಪೀಠದ ಕೆಳಗೆ ಇರಲಿ. ಕನ್ನಡಿಯಿರುವ ಉಪಕರಣವಾದರೆ ಕಿಟಕಿಯ ಬೆಳಕನ್ನು ಹಿಡಿಯಿರಿ. ನೇರ ಸೂರ್ಯನನ್ನು ಎಂದಿಗೂ ಹಿಡಿಯಬೇಡಿ, ಕಣ್ಣಿಗೆ ಶಾಶ್ವತ ಹಾನಿಯಾದೀತು. ನೋಡಬೇಕಾದ ಹನಿಯ ಮೇಲೆ ಕವರ್ ಸ್ಲಿಪ್ಪನ್ನು ಓರೆಯಾಗಿ ಹಿಡಿದು ನಿಧಾನವಾಗಿ ಇಳಿಸಿದರೆ ಗಾಳಿಗುಳ್ಳೆಗಳು ಸೇರುವುದಿಲ್ಲ.

ನೋಟವನ್ನು ಯಾವಾಗಲೂ ಅತಿ ಕಡಿಮೆ ವರ್ಧನೆಯಿಂದ ಆರಂಭಿಸಬೇಕು. ಪಕ್ಕದಿಂದ ನೋಡುತ್ತ ವಸ್ತುಮಸೂರವನ್ನು ಸ್ಲೈಡಿನ ಸಮೀಪಕ್ಕೆ ತನ್ನಿ. ಬಳಿಕ ಕಣ್ಣಿಟ್ಟು, ದೊಡ್ಡ ತಿರುಪಿನಿಂದ ದೂರ ಸರಿಸುತ್ತ ಚಿತ್ರವನ್ನು ಸ್ಪಷ್ಟಗೊಳಿಸಿ. 40 ಪಟ್ಟಿನ ಮಸೂರಕ್ಕೂ ಸ್ಲೈಡಿಗೂ ನಡುವೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಂತರವಿರುತ್ತದೆ. ಅಲ್ಲಿ ಸಣ್ಣ ತಿರುಪನ್ನು ಮಾತ್ರ ಮುಟ್ಟಬೇಕು. ದೊಡ್ಡದನ್ನು ತಿರುಗಿಸಿದರೆ ಸ್ಲೈಡ್ ಒಡೆದು ಮಸೂರಕ್ಕೆ ಗೀರು ಬೀಳುತ್ತದೆ.

ನೇತ್ರಮಸೂರ 10 ಪಟ್ಟು, ವಸ್ತುಮಸೂರ 40 ಪಟ್ಟು ಎಂದಾದರೆ ಒಟ್ಟು ವರ್ಧನೆ 400 ಪಟ್ಟು. ಗಂಟುರೋಗದ ಬೀಜಾಣುವಿನ ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಭಾಗ ಮಾತ್ರ. ಈ ಮಟ್ಟಕ್ಕೆ ಏರದೆ ಅದನ್ನು ಗುರುತಿಸಲಾಗದು. ವರ್ಧನೆ ಹೆಚ್ಚಿದಂತೆ ಕಾಣುವ ಪ್ರದೇಶ ಕಿರಿದಾಗುತ್ತದೆ, ಬೆಳಕೂ ಕುಗ್ಗುತ್ತದೆ. ಆಗ ವೇದಿಕೆಯ ಕೆಳಗಿನ ಡಯಾಫ್ರಾಮನ್ನು ಹದವಾಗಿ ತೆರೆಯಬೇಕು. ಅತಿಯಾಗಿ ತೆರೆದರೆ ಬಣ್ಣವಿಲ್ಲದ ಜೀವಿಗಳು ಬೆಳಕಿನಲ್ಲಿ ಕರಗಿ ಕಾಣದಂತಾಗುತ್ತವೆ.

ಇನ್ನು ಕಂಡದ್ದನ್ನು ಗುರುತಿಸುವ ಮಾತು. ದಪ್ಪನೆಯ ಕಪ್ಪು ಅಂಚಿನ ದುಂಡು ಆಕೃತಿ ಜೀವಕೋಶವಲ್ಲ, ಗಾಳಿಗುಳ್ಳೆ. ಒಂದು ಚುಕ್ಕೆ ಕಂಡರೆ ಸ್ಲೈಡನ್ನು ಸರಿಸಿ ನೋಡಿ. ಜೊತೆಯಲ್ಲಿ ಸರಿದರೆ ಅದು ಸ್ಲೈಡಿನಲ್ಲಿದೆ. ನೇತ್ರಮಸೂರವನ್ನು ತಿರುಗಿಸಿದಾಗ ತಿರುಗಿದರೆ ಅದು ಅಲ್ಲಿನ ದೂಳು. ಅರೆದ ಚಿಟ್ಟೆಯ ಹನಿಯಲ್ಲಿ ಕೊಬ್ಬಿನ ಕಣಗಳು ದುಂಡಾಗಿ ಹೊಳೆಯುತ್ತವೆ. ಹಾಲುರೋಗದ ಕಣಗಳಿಗೆ ಮೂಲೆಗಳಿರುತ್ತವೆ. ಗಂಟುರೋಗದ ಬೀಜಾಣು ಮೊಟ್ಟೆಯಾಕಾರದ್ದು, ಹೊಳಪುಳ್ಳದ್ದು. ಈ ಭೇದವನ್ನು ಅರಿಯದವನು ರೋಗವಿಲ್ಲದ ಮೊಟ್ಟೆಯನ್ನು ಸುಡಿಸಿಯಾನು, ರೋಗವಿರುವುದನ್ನು ರೈತನ ಮನೆಗೆ ಕಳುಹಿಸಿಯಾನು.

ರೇಷ್ಮೆಯಷ್ಟೇ ನಮ್ಮ ವಿಷಯವಲ್ಲ, ನೀರೂ ಹೌದು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ತ್ಯಾಜ್ಯನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿದಿದೆ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕು ಎಂಬ ಬೇಡಿಕೆಯನ್ನು ಇಲ್ಲಿನ ಜನ ಇಟ್ಟಿದ್ದಾರೆ. ಊರಿನ ಕೆರೆಯ ಒಂದು ಹನಿಯನ್ನು ತಿಂಗಳಿಗೊಮ್ಮೆ ನೋಡುವ ಶಾಲೆ, ಯಾವ ಪಾಚಿ ಹೆಚ್ಚಿತು, ಯಾವ ಜಲಜೀವಿ ಇಲ್ಲವಾಯಿತು ಎಂಬುದನ್ನು ವರ್ಷಗಟ್ಟಲೆ ದಾಖಲಿಸಬಲ್ಲದು. ನೀಲಿ-ಹಸಿರು ಪಾಚಿ ದಟ್ಟವಾಗಿ ಬೆಳೆದರೆ ನೀರಿನಲ್ಲಿ ಸಾರಜನಕ, ರಂಜಕಗಳು ಮಿತಿಮೀರಿವೆಯೇ ಎಂದು ಪರೀಕ್ಷಿಸಲು ಕೇಳುವುದಕ್ಕೆ ಅದೊಂದು ಆಧಾರ.

ಆದರೆ ಉಪಕರಣದ ಮಿತಿಯನ್ನೂ ಅರಿತಿರಬೇಕು. ಚಿಂತಾಮಣಿಯ ಕಡೆಯ ಆಳವಾದ ಕೊಳವೆಬಾವಿಯ ನೀರನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಫ್ಲೋರೈಡ್ ಕಾಣಿಸದು. ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿ ಹಲ್ಲು, ಮೂಳೆಗಳನ್ನು ಕೆಡಿಸುವ ಆ ವಿಷ ನೀರಿನಲ್ಲಿ ಕರಗಿರುತ್ತದೆ. ಅದಕ್ಕೆ ರಾಸಾಯನಿಕ ಪರೀಕ್ಷೆಯೇ ಬೇಕು. ಭಾರಲೋಹಗಳಿಗೂ ಇದೇ ಮಾತು. ‘ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲ, ನೀರು ಶುದ್ಧವಾಗಿದೆ’ ಎಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಬೇಡಿ. ಬೆಳಕಿನ ಸೂಕ್ಷ್ಮದರ್ಶಕ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಎರಡು ಭಾಗಕ್ಕಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆಯಾಗಿ ತೋರಿಸಲಾರದು. ಬೆಳಕಿನ ಸ್ವಭಾವವೇ ಹಾಗೆ.

ಗೌರಿಬಿದನೂರಿನ ಬಳಿಯ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು (1920–2005) ಪ್ರಶ್ನಿಸದೆ ಒಪ್ಪಬಾರದೆಂಬ ಮನೋಭಾವವನ್ನು ನಾಡಿಗೆ ಬೋಧಿಸಿದರು. ಸೂಕ್ಷ್ಮದರ್ಶಕದ ಮುಂದೆ ಆ ಪ್ರಶ್ನೆಯನ್ನು ಮೊದಲು ನಮ್ಮ ಕಣ್ಣಿಗೇ ಹಾಕಿಕೊಳ್ಳಬೇಕು.

ವಿದ್ಯಾರ್ಥಿಗಳೆ, ಪುಸ್ತಕದ ಚಿತ್ರವನ್ನು ನಕಲು ಮಾಡದೆ ಕಂಡದ್ದನ್ನೇ ಬಿಡಿಸಿ. ದಿನಾಂಕ, ಸ್ಥಳ, ವರ್ಧನೆಗಳನ್ನು ಪಕ್ಕದಲ್ಲಿ ಬರೆಯಿರಿ. ಮತ್ತೊಬ್ಬರಿಗೆ ತೋರಿಸಿ, ಅವರಿಗೂ ಅದೇ ಕಂಡಿತೇ ಎಂದು ಕೇಳಿ. ಶಿಕ್ಷಕರೆ, ಆ ಉಪಕರಣವನ್ನು ಬೀರುವಿನಿಂದ ಈಚೆಗೆ ತನ್ನಿ. ಅಲ್ಲಿಯೇ ಇಟ್ಟರೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಪೋಷಕರೆ, ನಿಮ್ಮ ಮಕ್ಕಳ ಟಿಪ್ಪಣಿ ಪುಸ್ತಕವನ್ನು ಗ್ರಾಮಸಭೆಗೆ ಕೊಂಡೊಯ್ಯಿರಿ. ಕೆರೆಯ ವಿಚಾರ ಬಂದಾಗ ಎರಡು ವರ್ಷಗಳ ಅಂತಹ ದಾಖಲೆಯನ್ನು ಮೇಜಿನ ಮೇಲಿಟ್ಟು ಉತ್ತರ ಕೇಳಿ.