ನದಿಗೂ ಒಂದು ಟೈಮ್ ಇದೆ: ಟ್ರೈಲರ್ ಕಟ್ಕೊಂಡು ಮಂಗಳೂರಿಂದ ಕಾರವಾರಕ್ಕೆ

ಇವತ್ತಿನ ಸಂಚಿಕೆ ಸ್ವಲ್ಪ ನಿಧಾನ. ವಿಷಯಾನೇ ಹಾಗಿದೆ.

ಮಂಗಳೂರಿಂದ ಕಾರವಾರಕ್ಕೆ ಹೆಚ್ಚು ಕಡಿಮೆ 270 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 66 ಹಿಡಿದ್ರೆ ಬೆಳಗ್ಗೆ ತಿಂಡಿ ತಿಂದು ಹೊರಟು ಮಧ್ಯಾಹ್ನದ ಊಟಕ್ಕೆ ಸೇರ್ಕೋಬಹುದು. ಡಿಸೆಂಬರ್‌ನಲ್ಲಿ ನಾವು ಮೂರು ಜನ ಗೆಳೆಯರು ಅದೇ ದಾರಿಗೆ ಎಂಟು ದಿನ ತಗೊಂಡ್ವಿ. ಕಾರಿನ ಹಿಂದೆ ಒಂದು ಪುಟ್ಟ ಟ್ರೈಲರ್. ಒಳಗೆ ಮೂರು ಹಾಸಿಗೆ, ಒಂದು ಗ್ಯಾಸ್ ಒಲೆ, ನೀರಿನ ಕ್ಯಾನ್, ಒಂದು ಬಕೆಟ್. ಅಷ್ಟೇ ಮನೆ.

ನಮ್ಮಲ್ಲಿ ಕ್ಯಾರವಾನ್ ಅಂದ್ರೆ ಹೆಚ್ಚಾಗಿ ವ್ಯಾನೇ. ಕಾರು ಎಳೆಯೋ ಟ್ರೈಲರ್ ಕಡಿಮೆ. ಹಾಗಾಗಿ ಹೋದಲ್ಲೆಲ್ಲ ಜನ ಸುತ್ತ ನಿಂತು ನೋಡೋರು. 'ಒಳಗೆ ಏನು ಮಾರ್ತೀರಿ?' ಅಂತ ಕೇಳಿದವರೇ ಹೆಚ್ಚು. ಕುಂದಾಪುರದ ಹತ್ತಿರ ಒಬ್ಬರು ಅಮ್ಮ ಮಾತ್ರ, 'ಎಲ್ಲಿಗ್ ಹೋಪ್ದ್ ಮಕ್ಳೆ?' ಅಂತ ಕೇಳಿ, ತಮ್ಮ ತೆಂಗಿನ ತೋಟದಲ್ಲೇ ರಾತ್ರಿ ನಿಲ್ಲಿಸ್ಕೊಳ್ಳೋಕೆ ಬಿಟ್ರು. ಬೆಳಗ್ಗೆ ಗಂಜಿ ಊಟಾನೂ ಆಯ್ತು.

ಟ್ರೈಲರ್ ನಿಮ್ಮನ್ನ ನಿಧಾನ ಮಾಡಿಸುತ್ತೆ. ಭಾರದ ಸಾಮಾನೆಲ್ಲ ಅದರ ಚಕ್ರಕ್ಕಿಂತ ಸ್ವಲ್ಪ ಮುಂದೆ ಇರಬೇಕು. ಹಿಂದಕ್ಕೆ ಹೋದ್ರೆ ವೇಗ ಏರಿದ ತಕ್ಷಣ ಬಾಲ ಅಲ್ಲಾಡಿಸಿದ ಹಾಗೆ ಓಲಾಡೋಕೆ ಶುರು ಮಾಡುತ್ತೆ. ರಿವರ್ಸ್ ಹಾಕುವಾಗ ಟ್ರೈಲರ್ ಬಲಕ್ಕೆ ಹೋಗಬೇಕಂದ್ರೆ ಸ್ಟೇರಿಂಗ್ ಎಡಕ್ಕೆ ತಿರುಗಿಸಬೇಕು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಫೋಟೋದಲ್ಲಿ ಎಲ್ಲರೂ ನೋಡಿರ್ತೀರಿ. ಅಲ್ಲಿ ಸಂಜೆ ಗಾಳಿ ಪಕ್ಕದಿಂದ ಹೊಡೆದ್ರೆ ಟ್ರೈಲರ್ ಎಳೆಯೋನಿಗೆ ಫೋಟೋ ನೆನಪಾಗಲ್ಲ, ಬ್ರೇಕ್ ನೆನಪಾಗುತ್ತೆ.

ಹೀಗೆ ನಿಧಾನಕ್ಕೆ ಹೋದಾಗ ಕಣ್ಣಿಗೆ ಬೀಳೋದು ಸೇತುವೆಗಳು. ಗುರುಪುರ, ನಂದಿನಿ, ಶಾಂಭವಿ, ಉದ್ಯಾವರ, ಸ್ವರ್ಣಾ, ಸೀತಾ, ಕುಂದಾಪುರದ ನದಿಗಳು, ಆಮೇಲೆ ಶರಾವತಿ, ಅಘನಾಶಿನಿ, ಗಂಗಾವಳಿ, ಕೊನೆಗೆ ಕಾಳಿ. ಕರಾವಳಿ ಅಂದ್ರೆ ಬೀಚ್ ಅಂದ್ಕೊಂಡು ಹೊರಟವರಿಗೆ, ಇದು ನದಿಗಳ ದಾರಿ ಅಂತ ಎರಡನೇ ದಿನಕ್ಕೇ ಗೊತ್ತಾಯ್ತು. ಹೆಚ್ಚಿನ ನದಿಗಳು ಘಟ್ಟದಿಂದ ಇಳಿದು ಇಲ್ಲಿ ಸಮುದ್ರ ಸೇರುತ್ತವೆ. ಇವುಗಳಲ್ಲಿ ಎರಡು ನದಿಗಳ ಮೇಲ್ಭಾಗ ನನಗೆ ಮೊದಲೇ ಗೊತ್ತಿತ್ತು. ರಾಫ್ಟ್ ಮೇಲಿಂದ.

ಒಂದು, ಸೀತಾನದಿ. ಮಾಬುಕಳ ಸೇತುವೆ ಮೇಲೆ ನಿಂತು ನೋಡಿದ್ರೆ ಅಗಲವಾಗಿ, ಸದ್ದಿಲ್ಲದೆ ಮಲಗಿರುತ್ತೆ. ಅದೇ ನದೀಲಿ ಹೆಬ್ರಿ ಕಡೆ ಜುಲೈ ತಿಂಗಳ ಮಳೆಯಲ್ಲಿ ನಾನು ರಾಫ್ಟಿಂಗ್ ಮಾಡಿದ್ದೆ. ಸೀತಾ ಮಳೆಯ ನದಿ. ಆಗುಂಬೆ ಕಡೆ ರಾತ್ರಿ ಸುರಿದ್ರೆ ಬೆಳಗ್ಗೆ ನೀರು ಕೆಂಪಗೆ ಏರಿರುತ್ತೆ. ಎರಡು ದಿನ ಮಳೆ ಬಿಟ್ರೆ ಬಂಡೆ ಕಾಣುತ್ತೆ. ರಾಫ್ಟಿಂಗ್ ನಡೆಯೋದು ಮಳೆಗಾಲದಲ್ಲಿ ಮಾತ್ರ. ಅವತ್ತು ನಮ್ಮ ಗೈಡ್ ಬೆಳಗ್ಗೆಯಿಂದ ನದಿ ದಡದ ಒಂದು ಬಂಡೆಯನ್ನೇ ನೋಡ್ತಾ ಕೂತಿದ್ರು. ಆ ಬಂಡೆ ಮುಳುಗಿದ್ರೆ ಇವತ್ತು ಇಳಿಯೋದಿಲ್ಲ, ತಲೆ ಕಾಣ್ತಾ ಇದ್ರೆ ಇಳೀಬಹುದು. ಆ್ಯಪ್ ಇಲ್ಲ, ಮೀಟರ್ ಇಲ್ಲ. ಹನ್ನೊಂದು ಗಂಟೆಗೆ ಅದರ ತಲೆ ಕಂಡಿತು, ನಾವು ಇಳಿದ್ವಿ.

ಇನ್ನೊಂದು, ಕಾಳಿ. ದಾಂಡೇಲಿ ರಾಫ್ಟಿಂಗ್ ಅಂತ ಎಲ್ಲರೂ ಹೇಳೋದು. ಅದು ಹೊರಡೋದು ಗಣೇಶಗುಡಿಯಿಂದ, ಸೂಪಾ ಅಣೆಕಟ್ಟಿನ ಕೆಳಗಡೆಯಿಂದ. ಅಣೆಕಟ್ಟಿನ ಎತ್ತರ 101 ಮೀಟರ್. ಅಲ್ಲಿ ಕರೆಂಟ್ ತಯಾರಿಸೋಕೆ ನೀರು ಬಿಟ್ಟಾಗ ನದಿ ಎದ್ದು ಓಡುತ್ತೆ, ನಿಲ್ಲಿಸಿದ್ರೆ ಬಂಡೆಗಳ ನಡುವೆ ಸುಮ್ಮನಾಗುತ್ತೆ. ಅಂದ್ರೆ ನೀವು ರಾಫ್ಟ್ ಮೇಲೆ ಕಿರುಚೋ ಆ ಅಲೆ, ಎಲ್ಲೋ ಯಾರದೋ ಮನೆಯ ಫ್ಯಾನ್ ತಿರುಗಿಸಿದ ನೀರು. ನಾವು ಅವತ್ತು ದಡದಲ್ಲಿ ಎರಡು ಗಂಟೆ ಕಾದ್ವಿ. ನೀರು ಬಂದಾಗ ಮೊದಲು ಶಬ್ದ ಬಂತು, ಆಮೇಲೆ ದಡದ ಬಳಿಯ ಕಲ್ಲುಗಳು ಒಂದೊಂದೇ ಮಾಯವಾದವು. ಬಿಸಿಲಿದೆ, ಮೋಡ ಇಲ್ಲ, ಆದ್ರೂ ನದಿ ಏರ್ತಾ ಇದೆ. ಇದಕ್ಕೇ ಅಣೆಕಟ್ಟಿನ ಕೆಳಗಿನ ನದೀಲಿ 'ನೀರು ಕಡಿಮೆ ಇದೆಯಲ್ಲ' ಅಂತ ಬಂಡೆ ಮೇಲೆ ಸೆಲ್ಫಿಗೆ ನಿಲ್ಲಬಾರದು ಅನ್ನೋದು.

ಇಳಿಯೋ ಮೊದಲು ಗೈಡ್ ಹೇಳಿದ ಒಂದು ಮಾತು ನಿಮಗೂ ಹೇಳಿಬಿಡ್ತೀನಿ. ನೀರಿಗೆ ಬಿದ್ರೆ ಎದ್ದು ನಿಲ್ಲೋಕೆ ನೋಡಬೇಡಿ. ಮೊಣಕಾಲುದ್ದ ನೀರಲ್ಲೂ ಕಾಲು ಕಲ್ಲಿನ ಸಂದಿಗೆ ಸಿಕ್ಕಿಹಾಕ್ಕೊಂಡ್ರೆ ನೀರಿನ ರಭಸ ನಿಮ್ಮನ್ನ ಮುಂದಕ್ಕೆ ಮಗುಚಿಬಿಡುತ್ತೆ. ಅಂಗಾತ ಮಲಗಿ, ಕಾಲು ನೀರು ಹರಿಯೋ ದಿಕ್ಕಿಗೆ, ಪಾದ ಮೇಲಕ್ಕೆ. ಕಲ್ಲು ಬಂದ್ರೆ ಕಾಲಲ್ಲಿ ತಳ್ಳಿ. ಲೈಫ್ ಜಾಕೆಟ್ ಉಳಿದದ್ದನ್ನ ನೋಡ್ಕೊಳ್ಳುತ್ತೆ, ನೀವು ಅದರ ಪಟ್ಟಿ ಬಿಗಿಯಾಗಿ ಕಟ್ಟಿದ್ರೆ.

ಈಗ ಮತ್ತೆ ಕರಾವಳಿಗೆ ಬರೋಣ. ಕುಮಟಾ ಹತ್ತಿರ ಅಘನಾಶಿನಿ ಅಳಿವೆಯ ಪಕ್ಕ ಎರಡು ರಾತ್ರಿ ಉಳಿದ್ವಿ. ಇದು ದೊಡ್ಡ ಅಣೆಕಟ್ಟು ಇಲ್ಲದ ನದಿ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಸ್ವಿಚ್ ಇಲ್ಲ, ಸಮುದ್ರವೇ ಗಡಿಯಾರ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಾ ಸುಮಾರು 50 ನಿಮಿಷ ತಡ. ನೀರು ಇಳಿದಾಗ ಹೆಂಗಸರು ಬುಟ್ಟಿ ಹಿಡ್ಕೊಂಡು ಬಳಚು ಆರಿಸೋಕೆ ಇಳೀತಾರೆ. ಮಂಗಳೂರಲ್ಲಿ ಮರುವಾಯಿ ಅಂತಾರಲ್ಲ, ಅದೇ ಚಿಪ್ಪು. ಮೊದಲ ದಿನ ಅವರು ಏಳು ಗಂಟೆಗೆ ಇಳಿದ್ರು, ಎರಡನೇ ದಿನ ಎಂಟು ಗಂಟೆ ಹತ್ತಿರ. ವೀಕೆಂಡಿಗೆ ಬಂದು ಹೋಗೋರಿಗೆ ಈ ಬದಲಾವಣೆ ಕಾಣೋದೇ ಇಲ್ಲ. ಎರಡು ಬೆಳಗ್ಗೆ ಒಂದೇ ಜಾಗದಲ್ಲಿ ಇರಬೇಕು.

ಇಷ್ಟೆಲ್ಲ ಯಾಕೆ ಹೇಳ್ತಾ ಇದ್ದೀನಿ ಅಂದ್ರೆ, ಈ ದಾರಿಯಲ್ಲಿ ಅವಸರಕ್ಕೆ ಬೆಲೆ ಇದೆ. ಅಂಕೋಲಾಕ್ಕೆ ಮೊದಲು ಶಿರೂರು ಬರುತ್ತೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ, ನಿಂತಿದ್ದ ಲಾರಿ, ಎಲ್ಲ ಗಂಗಾವಳಿ ಪಾಲಾಯ್ತು. ಜನ ಸತ್ರು. ಮೂರೇ ವಾರ ಕಳೆದು, ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ಕುಸಿದು ಒಂದು ಲಾರಿ ನದಿಗೆ ಬಿತ್ತು. ಚಾಲಕ ಬದುಕಿ ಉಳಿದದ್ದು ಅದೃಷ್ಟ. ಚಹಾ ಕುಡಿಯೋಕೆ ನಿಂತವರದ್ದು, ಸೇತುವೆ ಮೇಲೆ ಹೋಗ್ತಿದ್ದವರದ್ದು ತಪ್ಪೇನಿಲ್ಲ. ಆದ್ರೆ ಬೇಗ ತಲುಪಬೇಕು ಅಂತ ನಾವೆಲ್ಲ ಸೇರಿ ಕೇಳಿದ ಅಗಲ ರಸ್ತೆಗೇ ಆ ಗುಡ್ಡಗಳ ಬುಡ ಕಡಿದಿರೋದು. ನಾವು ಶಿರೂರಲ್ಲಿ ನಿಲ್ಲಲಿಲ್ಲ. ಕತ್ತರಿಸಿದ ಗುಡ್ಡದ ಕೆಳಗೆ ಟ್ರೈಲರ್ ನಿಲ್ಲಿಸಬಾರದು ಅನ್ನೋದು ನಮ್ಮ ಮೂವರ ಒಂದೇ ಕಟ್ಟುನಿಟ್ಟಿನ ನಿಯಮ ಆಗಿತ್ತು.

ಎಂಟನೇ ದಿನ ಕಾರವಾರ. ಸದಾಶಿವಗಡದ ಕಡೆಯಿಂದ ಕಾಳಿಯನ್ನ ನೋಡಿದೆ. ಗಣೇಶಗುಡಿಯಲ್ಲಿ ನನ್ನನ್ನ ರಾಫ್ಟಿಂದ ಅರ್ಧ ಎತ್ತಿ ಹಾಕಿದ ಅದೇ ನದಿ. ನಡುವೆ ಇನ್ನೂ ಅಣೆಕಟ್ಟುಗಳು, ಕೈಗಾ ಅಣುವಿದ್ಯುತ್ ಸ್ಥಾವರ, ಎಲ್ಲ ದಾಟಿ ಬಂದು ಇಲ್ಲಿ ಸಮುದ್ರದ ಉಪ್ಪು ಬೆರೆಸ್ಕೊಂಡು ನಿಂತಿದೆ. 184 ಕಿಲೋಮೀಟರ್ ಉದ್ದದ ನದಿ ಇದು. ರಾಫ್ಟ್ ಮೇಲೆ ನಾನು ನೋಡಿದ್ದು ಬರೀ 9 ಕಿಲೋಮೀಟರ್. ಉಳಿದದ್ದು ಗೊತ್ತಿಲ್ಲದೆ 'ಕಾಳಿ ಮಾಡಿದ್ದೀನಿ' ಅಂತ ಸ್ಟೇಟಸ್ ಹಾಕೋದು ಹೇಗೆ?

ಹಾಗಾಗಿ ನಿಮಗೆ ಎರಡು ಮಾತು. ರಾಫ್ಟಿಂಗ್ ಬುಕ್ ಮಾಡುವಾಗ ಎಷ್ಟು ಡಿಸ್ಕೌಂಟ್ ಅಂತ ಕೇಳೋ ಮೊದಲು, ರಾಫ್ಟಿಗೆ ಎಷ್ಟು ಜನ, ಗೈಡ್ ಎಷ್ಟು ವರ್ಷದಿಂದ ಇದೇ ನದೀಲಿದ್ದಾರೆ, ಇವತ್ತು ನೀರು ಯಾವಾಗ ಬಿಡ್ತಾರೆ ಅಂತ ಕೇಳಿ. 'ಇವತ್ತು ಆಗಲ್ಲ' ಅಂತ ಅವರು ಹೇಳಿದ್ರೆ ಜಗಳ ಆಡಬೇಡಿ, ಅಂಥವರನ್ನೇ ಮುಂದಿನ ಸಲ ಹುಡುಕ್ಕೊಂಡು ಹೋಗಿ. ಎರಡನೇದು, ರಜೆಗೆ ಒಂದು ದಿನ ಜಾಸ್ತಿ ಸೇರಿಸಿ. ನದಿ ನಮ್ಮ ಭಾನುವಾರ ನೋಡಿ ಹರಿಯಲ್ಲ. ಅದರ ಹೊತ್ತಿಗೆ ನಾವು ಕಾಯಬೇಕು.

ನಿಮ್ಮೂರಿನ ನದಿಯ ಎರಡೂ ತುದಿ ನೀವು ನೋಡಿದ್ದೀರಾ? ನೋಡಿದ್ರೆ ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀವಿ. ಅಲ್ಲಿವರೆಗೂ ಹುಷಾರು, ನಿಧಾನಕ್ಕೆ ಹೋಗಿ. ನಮಸ್ಕಾರ.