ಇರುವ ಹಣದಲ್ಲಿ ಆಟದ ಕಂಪ್ಯೂಟರು

ಉಳವಿ ಎಂದೊಡನೆ ನಮ್ಮ ಸೀಮೆಯವರ ಕಣ್ಣ ಮುಂದೆ ಬರುವುದು ಚನ್ನಬಸವಣ್ಣನವರ ಸಮಾಧಿಯ ಗುಡಿ, ಭಾರತ ಹುಣ್ಣಿಮೆಯ ಜಾತ್ರೆ, ಆ ಜಾತ್ರೆಗೆಂದು ಧಾರವಾಡ ಬೆಳಗಾವಿಗಳ ಕಡೆಯಿಂದ ಕಾಡುದಾರಿ ಹಿಡಿದು ಸಾಲುಗಟ್ಟಿ ಬರುವ ಚಕ್ಕಡಿಗಳು. ಆ ಊರಿನ ಹೆಸರೆತ್ತಿ ನಾನು ಈ ಹೊತ್ತು ಕಂಪ್ಯೂಟರಿನ ಮಾತು ತೆಗೆದರೆ ನಿಮಗೆ ನಗು ಬಂದೀತು. ಆದರೆ ಚಕ್ಕಡಿ ಹೂಡುವ ರೈತನಿಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ, ಕಂಪ್ಯೂಟರು ಕೊಳ್ಳಲು ಪೇಟೆಗೆ ಹೊರಡುವ ನಮಗೆ ಎಷ್ಟೋ ಸಲ ಹೊಳೆಯುವುದೇ ಇಲ್ಲ. ಅದನ್ನು ನಾನು ಪೆಟ್ಟು ತಿಂದು ಕಲಿತೆ.

ನನ್ನ ತಂಗಿಯನ್ನು ಉಳವಿಗೆ ಕೊಟ್ಟಿದೆ. ಗುಡಿಯ ಹತ್ತಿರ ಅವರದೊಂದು ಕಾಯಿ-ಕರ್ಪೂರದ ಅಂಗಡಿ. ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ಜಾತ್ರೆಯ ದಿನಗಳದ್ದು. 2022ರಲ್ಲಿ ಅವಳ ಮಗ ಆಟಕ್ಕೊಂದು ಕಂಪ್ಯೂಟರು ಬೇಕೆಂದು ಹಟ ಹಿಡಿದ. ಧಾರವಾಡದಲ್ಲಿರುವ ಸೋದರಮಾವ ತಿಳಿದವನೆಂದು 22,000 ರೂಪಾಯಿ ನನ್ನ ಕೈಗೆ ಬಂತು. ಹಳೆಯ ಭಾಗಗಳನ್ನು ಕೂಡಿಸಿದ ಒಂದು ಯಂತ್ರವನ್ನು ಕೊಂಡೆ. ಎಲ್ಲ ಭಾಗಗಳಿಗೂ ವಿದ್ಯುತ್ತು ಹಂಚುವ ಒಂದು ಡಬ್ಬಿ ಅದರೊಳಗಿರುತ್ತದೆ; ಪವರ್ ಸಪ್ಲೈ ಎನ್ನುತ್ತಾರೆ. ನಮ್ಮ ಯಂತ್ರದ ಡಬ್ಬಿಗೆ ಹೆಸರೇ ಇರಲಿಲ್ಲ. ಇನ್ನು ಸಾವಿರದೈನೂರು ಕೊಟ್ಟರೆ ಒಳ್ಳೆಯದನ್ನು ಹಾಕಿಕೊಡುತ್ತೇವೆಂದು ಅಂಗಡಿಯವರು ಹೇಳಿದರು. ಬೇಡವೆಂದವನು ನಾನೇ.

ಜೂನ್ ತಿಂಗಳ ಗಾಳಿಮಳೆಗೆ ಮರ ತಂತಿಯ ಮೇಲೆ ಬಿತ್ತು. ಆ ರಾತ್ರಿ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಡಬ್ಬಿಯಿಂದ ಹೊಗೆ ಎದ್ದಿತು. ಅದು ತಾನೊಂದೇ ಹೋಗಲಿಲ್ಲ. ಮದರ್‌ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನಾನು ಉಳಿಸಿದ್ದು ಒಂದೂವರೆ ಸಾವಿರ, ಕಳೆದದ್ದು ಹೆಚ್ಚುಕಡಿಮೆ ಇಡಿಯ ಗಂಟು.

2023ರ ಜಾತ್ರೆ ಚೆನ್ನಾಗಿ ಆಯಿತು. ತಂಗಿ 60,000 ರೂಪಾಯಿ ಎತ್ತಿಟ್ಟಳು. ಕೊಡುವಾಗ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಅಣ್ಣಾ, ಇದು ಜಾತ್ರಿ ರೊಕ್ಕ. ಈ ಸಲ ನೋಡಿ ಮಾಡು." ಹುಡುಗ ಮಾತ್ರ ನನ್ನ ಕಿವಿಯ ಹತ್ತಿರ ಬಂದು, "ಮಾಮಾ, ಗ್ರಾಫಿಕ್ಸ್ ಕಾರ್ಡ್ ಒಂದ ದೊಡ್ಡದ ಇರಲಿ. ಉಳಿದದ್ದು ಹ್ಯಾಂಗರ ಆಗಲಿ" ಎಂದ. ಎಲ್ಲ ಹುಡುಗರ ಮನಸ್ಸಿನಲ್ಲಿಯೂ ಇರುವುದು ಇದೇ. ತಪ್ಪು ಹುಟ್ಟುವುದೂ ಇಲ್ಲಿಯೇ.

ಏಕೆಂದು ನೋಡೋಣ. ಆಟದ ಯಂತ್ರದಲ್ಲಿ ದುಡಿಯುವ ಎತ್ತುಗಳು ಎರಡು. ಒಂದು ಪ್ರೊಸೆಸರು. ಆಟದಲ್ಲಿ ಯಾರು ಎಲ್ಲಿದ್ದಾರೆ, ಚೆಂಡು ಎತ್ತ ಹೋಗಬೇಕು, ಗುಂಡು ತಗುಲಿತೆ ಇಲ್ಲವೆ ಎಂಬ ಲೆಕ್ಕವೆಲ್ಲ ಅದರದು. ಇನ್ನೊಂದು ಗ್ರಾಫಿಕ್ಸ್ ಕಾರ್ಡು. ಆ ಲೆಕ್ಕವನ್ನು ಕಣ್ಣಿಗೆ ಕಾಣುವ ಚಿತ್ರವಾಗಿ ಬಿಡಿಸುವುದು ಅದರ ಕೆಲಸ. ಆಟ ತಡೆಯಿಲ್ಲದೆ ಓಡಬೇಕಾದರೆ ಸೆಕೆಂಡಿಗೆ 60 ಚಿತ್ರಗಳಾದರೂ ಬೇಕು. ಅಂದರೆ ಒಂದೊಂದು ಚಿತ್ರಕ್ಕೂ ಸಿಗುವ ಕಾಲ 17 ಮಿಲಿಸೆಕೆಂಡಿಗಿಂತ ಕಡಿಮೆ. ಇಬ್ಬರಲ್ಲಿ ಒಬ್ಬ ತಡಮಾಡಿದರೂ ಇನ್ನೊಬ್ಬ ಕಾದು ನಿಲ್ಲಬೇಕು. ಉಳವಿಯ ಏರು ಹತ್ತುವ ಚಕ್ಕಡಿಗೆ ಒಂದು ಕಡೆ ಬಲಿತ ಹೋರಿ, ಇನ್ನೊಂದು ಕಡೆ ಎಳಗರು ಹೂಡಿದರೆ ಬಂಡಿ ನಡೆಯುವುದು ಕರುವಿನ ಹೆಜ್ಜೆಯಲ್ಲೇ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ದೊಡ್ಡ ಕಾರ್ಡಿಗೆ ಕೊಟ್ಟ ಹೆಚ್ಚಿನ ಹಣ, ಬಡ ಪ್ರೊಸೆಸರಿನ ಪಕ್ಕದಲ್ಲಿ ಕೆಲಸವಿಲ್ಲದೆ ಕುಳಿತಿರುತ್ತದೆ. ಜೋಡಿ ಸಮನಿರಬೇಕು. ರೈತನಿಗೆ ಗೊತ್ತಿರುವ ಸಂಗತಿ ಇದೇ.

ಸರಿ, ಜೋಡಿಯನ್ನು ಹೇಗೆ ಆರಿಸುವುದು? ಮೊದಲು ಆಟವನ್ನು ಕೇಳಿ. ನಿಮ್ಮ ಹುಡುಗ ಆಡುವುದು ವ್ಯಾಲರಂಟ್‌ನಂಥ ಹಗುರ ಆಟ ಮಾತ್ರವಾದರೆ ಪ್ರತ್ಯೇಕ ಕಾರ್ಡೇ ಬೇಡ. ರೈಜೆನ್ 5 5600ಜಿಯಂತೆ ಚಿತ್ರ ಬಿಡಿಸುವ ಶಕ್ತಿ ಒಳಗೇ ಇರುವ ಪ್ರೊಸೆಸರುಗಳುಂಟು. ಕಾರ್ಡನ್ನು ಮುಂದೆ ಹಣ ಬಂದಾಗ ಸೇರಿಸಬಹುದು. ನಮ್ಮ ಅಳಿಯನ ಆಸೆ ಭಾರಿ ಆಟಗಳ ಮೇಲೆ ಇತ್ತು.

ಎರಡನೆಯದಾಗಿ ಪರದೆಯನ್ನು ಕೇಳಿ. ಸಾಮಾನ್ಯ 1080 ಪರದೆಯಲ್ಲಿರುವ ಚುಕ್ಕೆಗಳು ಸುಮಾರು 20 ಲಕ್ಷ 74 ಸಾವಿರ. 1440 ಪರದೆಗೆ ಹೋದರೆ ಸುಮಾರು 37 ಲಕ್ಷ. 4ಕೆ ಎಂಬ ಪರದೆಗೆ 83 ಲಕ್ಷ, ಮೊದಲಿನದರ ನಾಲ್ಕರಷ್ಟು. ಈ ಚುಕ್ಕೆಗಳನ್ನೆಲ್ಲ ಪ್ರತಿ ಚಿತ್ರಕ್ಕೂ ತುಂಬಬೇಕಾದುದು ಗ್ರಾಫಿಕ್ಸ್ ಕಾರ್ಡು. ಆದುದರಿಂದ ಪರದೆ ಹಿಗ್ಗಿದರೆ ಖರ್ಚೂ ಹಿಗ್ಗುತ್ತದೆ. ಮಿತವಾದ ಹಣವಿದ್ದವರು 1080ಕ್ಕೇ ನಿಲ್ಲುವುದು ಲೇಸು.

ಆ ಬೇಸಿಗೆಯಲ್ಲಿ ನಾವು ಕೊಂಡ ಲೆಕ್ಕವನ್ನು ಹೇಳುತ್ತೇನೆ. ಎಂಟು ಜಿಬಿ ಮೆಮೊರಿಯ ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡಿಗೆ ಸುಮಾರು 21,500 ರೂಪಾಯಿ. ಅದಕ್ಕೆ ಜೋಡಿಯಾಗಿ ಇಂಟೆಲ್ ಐ3 12100ಎಫ್ ಪ್ರೊಸೆಸರು, 9,000. ಮದರ್‌ಬೋರ್ಡು 7,000. ಮೆಮೊರಿ 16 ಜಿಬಿ, 3,500. ಇದನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ ಎಂಟೆಂಟರ ಎರಡಾಗಿ ಕೊಂಡರೆ ಪ್ರೊಸೆಸರಿಗೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ, ವೇಗ ಹೆಚ್ಚುತ್ತದೆ. 500 ಜಿಬಿ ಎಸ್‌ಎಸ್‌ಡಿ 3,000. ಗಾಳಿಯಾಡುವ ಜಾಲರಿಯ ಕ್ಯಾಬಿನೆಟ್ 3,000. ಪರದೆ 9,000. ಉಳಿದ 4,000 ಪವರ್ ಸಪ್ಲೈಗೆ. ಕೀಬೋರ್ಡು, ಮೌಸು ಹಳೆಯವೇ. ಇಂದಿನ ಬೆಲೆಗಳು ಬೇರೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆಯಂತೂ ಬಹಳ ಏರಿತು. ಆದುದರಿಂದ ಅಂಕಿಗಳನ್ನಲ್ಲ, ಅವುಗಳ ಪ್ರಮಾಣವನ್ನು ನೆನಪಿಡಿ. ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಕಾರ್ಡಿಗೆ ಹೋಯಿತು, ಪವರ್ ಸಪ್ಲೈಗೆ ಕೈ ಬಿಗಿಹಿಡಿಯಲಿಲ್ಲ.

ಭಾಗಗಳು ಒಂದಕ್ಕೊಂದು ಕೂಡುತ್ತವೆಯೆ ಎಂಬುದನ್ನೂ ಮೊದಲೇ ನೋಡಬೇಕು. ಪ್ರೊಸೆಸರಿನ ತಳಿಗೆ ತಕ್ಕ ಬೋರ್ಡು, ಬೋರ್ಡಿಗೆ ತಕ್ಕ ಮೆಮೊರಿ, ಕಾರ್ಡಿನ ಉದ್ದ ಹಿಡಿಸುವ ಕ್ಯಾಬಿನೆಟ್, ಇವು ತಪ್ಪಿದರೆ ಮತ್ತೆ ಹುಬ್ಬಳ್ಳಿಗೆ ಓಡಬೇಕು. ಡಿಡಿಆರ್4 ಬೋರ್ಡಿಗೆ ಡಿಡಿಆರ್5 ಮೆಮೊರಿ ಕೂಡುವುದೇ ಇಲ್ಲ.

ಹಳೆಯ ಕಾರ್ಡು ಅಗ್ಗಕ್ಕೆ ಸಿಗುತ್ತದೆಂಬ ಆಸೆ ನಮಗೂ ಇತ್ತು. ಈಥೀರಿಯಂ ಎಂಬ ಡಿಜಿಟಲ್ ನಾಣ್ಯಕ್ಕಾಗಿ ಲೋಕದಲ್ಲೆಲ್ಲ ಕಾರ್ಡುಗಳು ಹಗಲಿರುಳು ದುಡಿಯುತ್ತಿದ್ದವು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ಪದ್ಧತಿ ಬದಲಾಗಿ ಅವಕ್ಕೆ ಕೆಲಸ ತಪ್ಪಿತು. ಅನೇಕವು ಹಳೆ ಮಾಲಿನ ಪೇಟೆಗೆ ಬಂದವು. ಅವೆಲ್ಲ ಕೆಟ್ಟವೆಂದು ಹೇಳಲಾರೆ. ಆದರೆ ದನದ ಸಂತೆಯಲ್ಲಿ ಹಲ್ಲು ಹಿಡಿದು ನೋಡುವಂತೆ, ಎದುರಿಗೆ ನಿಂತು ಒಂದು ಗಂಟೆ ಓಡಿಸಿ ನೋಡದೆ, ವಾರಂಟಿ ಉಳಿದಿದೆಯೆಂಬ ಬಿಲ್ಲು ಕೈಗೆ ಬಾರದೆ ಕೊಳ್ಳಬಾರದು. ಹೊಸದಕ್ಕೂ ಪ್ರತಿ ಭಾಗದ ಕ್ರಮಸಂಖ್ಯೆ ಬರೆದ ಬಿಲ್ಲು ಬೇಕೇ ಬೇಕು.

ಇನ್ನು ವಿದ್ಯುತ್ತಿನ ಮಾತು. ಆ ಕಾರ್ಡು ಎಳೆಯುವುದು 132 ವಾಟು, ಪ್ರೊಸೆಸರು ಹೆಚ್ಚೆಂದರೆ 89. ಉಳಿದದ್ದೆಲ್ಲ ಸೇರಿದರೂ ಮುನ್ನೂರರ ಒಳಗೆ. ಆದರೂ 550 ವಾಟಿನ, ಐದು ವರ್ಷ ವಾರಂಟಿಯ ಪವರ್ ಸಪ್ಲೈ ಕೊಂಡೆವು. 80 ಪ್ಲಸ್ ಎಂಬ ಮುದ್ರೆ ವಿದ್ಯುತ್ತು ಪೋಲಾಗದಿರುವುದಕ್ಕೆ ಸಾಕ್ಷಿಯೇ ಹೊರತು ಗಟ್ಟಿತನಕ್ಕೆ ಸಾಕ್ಷಿಯಲ್ಲ. ಗಟ್ಟಿತನವನ್ನು ಹೆಸರು, ವಾರಂಟಿಗಳಲ್ಲಿ ನೋಡಬೇಕು. ಇದರ ಮುಂದೆ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಕೊಳ್ಳುವಾಗ ವಿಎ ಎಂಬ ದೊಡ್ಡ ಅಂಕಿಗೆ ಮರುಳಾಗಬೇಡಿ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವಾಟು ಮಾತ್ರ. ಅದು ಇರುವುದು ಆಟ ಮುಂದುವರಿಸಲಿಕ್ಕಲ್ಲ, ಯಂತ್ರವನ್ನು ಸರಿಯಾಗಿ ಆರಿಸಲಿಕ್ಕೆ. ನಾನು 1,000 ವಿಎಯದೊಂದನ್ನು ನನ್ನ ಸ್ವಂತ ಹಣದಿಂದ ಕೊಂಡುಕೊಟ್ಟೆ. ಹಿಂದಿನ ವರ್ಷಕ್ಕೆ ಅದು ನನ್ನ ತಪ್ಪುಕಾಣಿಕೆ.

ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಇವೆಲ್ಲ ಅರ್ಧ ಕೆಲಸ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿ. ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡಿ. ಮಳೆಗಾಲದ ಥಂಡಿಗೆ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡದೆ ದಿನವೂ ಸ್ವಲ್ಪ ಹೊತ್ತು ಓಡಿಸಿ. ಬೆಚ್ಚಗಿನ ಜಾಗ ಹುಡುಕಿಕೊಂಡು ಹಲ್ಲಿ ಒಳಗೆ ಸೇರದಂತೆ ಹಿಂಬದಿಯ ಬಳಸದ ಕಿಂಡಿಗಳನ್ನು ಮಾತ್ರ ಮುಚ್ಚಿ, ಗಾಳಿಯ ದಾರಿಯನ್ನಲ್ಲ.

ಭಾಗಗಳನ್ನು ಹುಡುಗನೇ ಕೂಡಿಸಿದ. ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ತಂಗಿ ನನ್ನ ಮುಖ ನೋಡಿದಳು. ನನ್ನ ಬಾಯಿ ಒಣಗಿತು. ನೋಡಿದರೆ ಪರದೆಯ ತಂತಿಯನ್ನು ಕಾರ್ಡಿಗೆ ಸಿಕ್ಕಿಸುವ ಬದಲು ಬೋರ್ಡಿಗೆ ಸಿಕ್ಕಿಸಿದ್ದ. ಎಫ್ ಅಕ್ಷರವಿರುವ ಇಂಟೆಲ್ ಪ್ರೊಸೆಸರಿಗೆ ಸ್ವಂತ ಚಿತ್ರಶಕ್ತಿ ಇಲ್ಲ. ಬೋರ್ಡಿನ ಕಿಂಡಿಯಿಂದ ಏನೂ ಬಾರದು. ತಂತಿ ಬದಲಿಸಿದೊಡನೆ ಬೆಳಕು ಬಂತು.

ಆಮೇಲೆ ಮೂರು ಮಳೆಗಾಲ ಕಳೆದವು. 2025ರ ಮಳೆಯಲ್ಲಿ ಒಂದು ರಾತ್ರಿ ನಾನು ಉಳವಿಯಲ್ಲಿದ್ದೆ. ಕರೆಂಟು ಹೋಯಿತು. ಒಳಕೋಣೆಯಲ್ಲಿ ಯುಪಿಎಸ್ ಕೂಗತೊಡಗಿತು. ಹುಡುಗ ಆಟ ನಿಲ್ಲಿಸಿ, ಯಂತ್ರ ಆರಿಸಿ, ಪ್ಲಗ್ಗು ಕಿತ್ತು ಊಟಕ್ಕೆ ಬಂದು ಕುಳಿತ. ತಂಗಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. 2022ರ ಮಾತನ್ನು ತೆಗೆಯಲಿಲ್ಲ.