ಐವತ್ತು ದಾಟಿದ ತೋಳು

ಬಂಟ್ವಾಳದ ನಮ್ಮ ಮನೆಯಂಗಳದಲ್ಲಿ ಒಣಗಿದ ಅಡಿಕೆಯ ಗೋಣಿ ಎತ್ತಲು ಹೋದಾಗ ಹೋದ ವರ್ಷ ನನ್ನ ಮೊಣಕಾಲು ಗಡಗಡ ನಡುಗಿತು. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇಕಡ 3ರಿಂದ 8ರಷ್ಟು ಸ್ನಾಯು ಕರಗುತ್ತದಂತೆ. ಬೆಳಗಿನ ನಡಿಗೆ ಒಳ್ಳೆಯದೇ, ಆದರೆ ಅದೊಂದೇ ಸಾಲದು. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಓದುತ್ತಾ ಭಾರ ಎತ್ತಲು ಕಲಿತ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದರು. ನಮಗೆ ಪದಕ ಬೇಡ. ಬಾವಿಕಟ್ಟೆಯಿಂದ ಅಡುಗೆಮನೆಗೆ ಕೊಡಪಾನ ಹೊರುವ ಶಕ್ತಿ ಇದ್ದರಾಯಿತು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಆಮೇಲೆ ನೀರು ತುಂಬಿದ ಬಾಟಲಿ ಎತ್ತುವುದು, ನಾನು ಶುರುಮಾಡಿದ್ದು ಇಷ್ಟರಿಂದಲೇ. ಈ ಸಲ ಅದೇ ಗೋಣಿಯನ್ನು ಹೆಗಲಿಗೇರಿಸಿ ಜಗಲಿಗೆ ತಂದಿಟ್ಟೆ.